ಇಪ್ಪತ್ತೆಂಟನೇ ತಾರೀಖಿನ ಬ್ರೆಡ್ಡು

ಸಾಂತಾ ಉರ್ಸುಲಾ ಊರಿನಲ್ಲಿ ಯಾರ ಮನೆಯಲ್ಲಿ ಎಷ್ಟು ಜನ ಬದುಕಿದ್ದಾರೆ ಎಂದು ಕೇಳಿದರೆ ಎರ್ಮಿನಿಯಾ ತಲೆ ಕೆರೆದುಕೊಳ್ಳುತ್ತಿದ್ದಳು. ಯಾರ ಮನೆಯಲ್ಲಿ ಯಾರ್ಯಾರು ಸತ್ತಿದ್ದಾರೆ ಎಂದು ಕೇಳಿದರೆ ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸರಾಗವಾಗಿ ಹೇಳುತ್ತಿದ್ದಳು. ಬ್ರೆಡ್ ಸುಡುವವಳಿಗೆ ಅದು ಗೊತ್ತಿರಲೇಬೇಕಲ್ಲ. ಅಕ್ಟೋಬರ್ ಕೊನೆಗೆ, ನವೆಂಬರ್ ಮೊದಲಿಗೆ ಊರಿನ ಸತ್ತವರೆಲ್ಲ ಅವರವರ ಮನೆಗೆ ಬರುತ್ತಾರೆ. ಬಂದವರಿಗೆ ಎಡೆ ಇಡಬೇಕು. ಎಡೆಯಲ್ಲಿ ಬೇರೆ ಏನಿರಲಿ ಬಿಡಲಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಬ್ರೆಡ್ ಇರಲೇಬೇಕು, ಆ ಬ್ರೆಡ್ಡಿನ ನೆತ್ತಿಯಲ್ಲಿ ಒಂದು ಮುಖ ಇರಬೇಕು. ಹಿಟ್ಟಿನಲ್ಲಿ ಅಚ್ಚೊತ್ತಿ, ಒಣಗಿಸಿ, ಬಣ್ಣ ಬಳಿದ ಹೆಬ್ಬೆರಳ ಗಾತ್ರದ ಮುಖ. ಮುಸುಕು ಹೊದ್ದ ಮುದುಕಿ, ಗಡ್ಡದ ಮುದುಕ, ಕೆನ್ನೆ ಕೆಂಪಗಿನ ಮಗು, ಮೀಸೆ ಚಿಗುರಿದ ಹುಡುಗ, ಹೀಗೆ. ಮುದುಕಿ ಸತ್ತ ಮನೆಗೆ ಅಪ್ಪಿತಪ್ಪಿ ಗಡ್ಡದವನ ಮುಖ ಹೋಯಿತೋ, ಮುಂದಿನ ಹಬ್ಬದ ತನಕ ಬೈಸಿಕೊಳ್ಳಬೇಕು.

ಊರಿನ ಅಷ್ಟೂ ಸತ್ತವರಿಗೆ ಹಿಟ್ಟು ನಾದಿ, ಮೊಟ್ಟೆಯ ಹಳದಿ ಸುರಿದು, ಸೋಂಪು ಹಾಕಿ, ಮೇಲೆ ಎಳ್ಳು ಉದುರಿಸಿ ಬ್ರೆಡ್ ಮಾಡುತ್ತಿದ್ದ ಎರ್ಮಿನಿಯಾ ತನ್ನ ಮನೆಯಲ್ಲಿ ಎಡೆ ಇಡುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಅಪ್ಪ ಅಮ್ಮನ ಹೆಸರಿನ ಎರಡು ಬ್ರೆಡ್ಡನ್ನೂ ಅಕ್ಕನ ಮನೆಗೆ ಕಳಿಸುತ್ತಿದ್ದಳು. ಯಾಕೆಂದರೆ ಮನೆಯಲ್ಲಿ ಎಡೆಯ ಮೇಜು ಹಾಕಿದರೆ ನೋಡಲು ಬಂದ ಊರವರ ಕಣ್ಣು ಅದರ ಮೇಲೆ ಒಂದು ಮುಖವನ್ನು ಹುಡುಕುತ್ತಿತ್ತು. ಮೀಸೆ ಚಿಗುರಿದ ಹುಡುಗನ ಮುಖ.

"ಈ ಸಲನಾದ್ರೂ ಒಂದು ಇಡೇ," ಎಂದಳು ಬ್ರಿಹಿದಾ. ಬ್ರಿಹಿದಾ ಅವಳ ಅಕ್ಕ. ಹಬ್ಬದ ವಾರ ಬಂದು ಮರಿಗೆಯಲ್ಲಿ ಹಿಟ್ಟು ನಾದಿಕೊಡುತ್ತಿದ್ದಳು. ನಾದುತ್ತ ನಾದುತ್ತ ತಂಗಿಯ ತಲೆಯನ್ನೂ ತಿನ್ನುತ್ತಿದ್ದಳು.

"ಯಾರಿಗೆ?"

"ಯಾರಿಗೆ ಅಂತ ಗೊತ್ತಿಲ್ವಾ ನಿಂಗೆ?"

"ಬದುಕಿರೋರಿಗೆ ಯಾರಾದ್ರೂ ಎಡೆ ಇಡ್ತಾರೇನಕ್ಕಾ? ಅಷ್ಟು ಆಸೆ ಇದ್ರೆ ಭಾವನಿಗೆ ಇಡು ಹೋಗು. ಬದುಕಿದ್ರೂ ಸತ್ತಂಗೇ ಬಿದ್ದಿರ್ತಾರೆ."

"ಅವ್ರಿಗೆ ಬ್ರೆಡ್ ಯಾಕೇ? ಮೆಸ್ಕಾಲ್ ಬಾಟ್ಲಿ ಮುಚ್ಚಳ ತೆಗೆದ್ರೆ ಸಾಕು, ಎದ್ದು ಕೂತ್ಕೋತಾರೆ." ಬ್ರಿಹಿದಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಕೈಗೆ ಅಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಹೇಳಿದಳು, "ತಮಾಷೆ ಅಲ್ಲ ಕಣೇ. ಎಡೆ ಇಲ್ದೇ ಇರೋರು ಊರೋರ ಹೊಸ್ತಿಲಲ್ಲಿ ವಾಸ್ನೆ ನೋಡ್ಕೊಂಡು ನಿಂತಿರ್ತಾರಂತೆ. ಕೊನೆಗೆ ಬರೀ ಕೈಯಲ್ಲಿ ಅತ್ಕೊಂಡ್ ಹೋಗ್ತಾರಂತೆ. ನಮ್ ನಬೋರ್ ಹಂಗೆ ನಿಂತಿದ್ರೆ?"

"ಬಾಯಿ ಮುಚ್ಚಕ್ಕಾ."

ಅವಳಿಗೇನು ಗೊತ್ತಿರಲಿಲ್ಲವೇ? ಬ್ರಿಹಿದಾ ಒಂದು ಸಲ ಹೇಳಿದ್ದನ್ನು ಎರ್ಮಿನಿಯಾ ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದಳು. ಮಗ ಸತ್ತಿದ್ದು ತಾನು ಇಡದೇ ಹೋದರೆ, ಊರಿಗೆಲ್ಲ ಬ್ರೆಡ್ ಮಾಡುವವಳ ಮಗ ಹಸಿದುಕೊಂಡು ತಿರುಗುತ್ತಾನೆ. ಅವನು ಬದುಕಿದ್ದು ತಾನು ಇಟ್ಟುಬಿಟ್ಟರೆ, ಹೆತ್ತ ಕೈಯಲ್ಲೇ ಅವನನ್ನು ಕೊಂದಂತೆ. ಯಾವ ತಾಯಿ ತಾನೇ ಆ ಮುಖವನ್ನು ಬ್ರೆಡ್ಡಿಗೆ ಅಂಟಿಸಿಯಾಳು? ಹಾಗಾಗಿ ಪ್ರತಿ ವರ್ಷ ಅವಳು ಹಲ್ಲು ಕಚ್ಚಿಕೊಂಡು ಹಬ್ಬ ಕಳೆಯುತ್ತಿದ್ದಳು.

ನಬೋರ್ ಕಾಣೆಯಾಗಿ ಮೂರು ವರ್ಷ ದಾಟಿತ್ತು. ಇಟ್ಟಿಗೆ ಸಾಗಿಸುವ ಕ್ರಿಸಾಂತೊನ ಲಾರಿಯಲ್ಲಿ ಹುಡುಗ ಲೋಡು ಇಳಿಸುವ ಕೆಲಸ ಮಾಡುತ್ತಿದ್ದ. ಕ್ರಿಸಾಂತೊ ಪರಕೀಯನಲ್ಲ. ಕೂಸು ನಬೋರನನ್ನು ಚರ್ಚಿನಲ್ಲಿ ತೋಳಲ್ಲಿ ಹಿಡಿದು ತಲೆಗೆ ನೀರು ಹಾಕಿಸಿ, ಎರಡನೇ ಅಪ್ಪನಾಗಿ ನಿಂತವನೇ ಅವನು. ಅಂದಿನಿಂದ ಅವನು ಇವಳಿಗೆ ಕೊಂಪಾದ್ರೆ, ಇವಳು ಅವನಿಗೆ ಕೊಮಾದ್ರೆ, ಒಂದೇ ಮಗುವಿನಿಂದ ಬೆಸೆದ ನಂಟು. ಒಡಹುಟ್ಟಿದವರ ಜೊತೆ ಜುಟ್ಟು ಹಿಡಿದು ಜಗಳವಾಡಬಹುದು. ಕೊಂಪಾದ್ರೆಯ ಎದುರು ದನಿ ಏರಿಸುವಂತಿಲ್ಲ, ನೀವು ಎನ್ನದೆ ಮಾತಾಡುವಂತಿಲ್ಲ. ಆ ಸೆಪ್ಟೆಂಬರಿನಲ್ಲಿ ಲಾರಿ ಕರಾವಳಿಯಿಂದ ವಾಪಸು ಬಂದಾಗ ಕ್ರಿಸಾಂತೊ ಒಬ್ಬನೇ ಇಳಿದ. "ಕೂಡುರಸ್ತೇಲಿ ಇಳ್ಕೊಂಡ್ಬಿಟ್ಟ ಕೊಮಾದ್ರೆ. ಉತ್ತರಕ್ಕೆ ಹೋಗ್ತೀನಿ, ದುಡ್ಕೊಂಡ್ ಬಂದು ಅಮ್ಮಂಗೆ ಹೇಳ್ತೀನಿ ಅಂದ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ," ಎಂದ. ಹೇಳಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಪಾಪ, ಮಗನಂಥವನು ಹೋದ ಬೇಸರ ಎಂದುಕೊಂಡು ಎರ್ಮಿನಿಯಾ ಅವನಿಗೇ ಚಾಕೊಲೇಟು ಕಾಸಿ ಕುಡಿಸಿದ್ದಳು!

ಫೋನು ಬರಲಿಲ್ಲ. ದೂರು ಕೊಡಲು ಪೊಲೀಸ್ ಕಚೇರಿಗೆ ಹೋದರೆ ಮೇಜಿನ ಹಿಂದಿದ್ದವನು, "ಹುಡುಗ್ರು ಅಲ್ವೇನಮ್ಮಾ, ಯಾವಳ ಹಿಂದೆ ಹೋಗಿದಾನೋ," ಎಂದು ಹಲ್ಲು ಕಿರಿದ. ಆಮೇಲೆ ಎರ್ಮಿನಿಯಾ ಹಾಗೆಯೇ ಮಕ್ಕಳನ್ನು ಕಳೆದುಕೊಂಡ ಬೇರೆ ಊರಿನ ತಾಯಂದಿರ ಜೊತೆ ಸೇರಿಕೊಂಡಳು. ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದು ಗುಡ್ಡ ಹತ್ತುವುದು, ಮೆತ್ತಗಿದ್ದ ಮಣ್ಣಿಗೆ ಅದನ್ನು ಇಳಿಸುವುದು, ಎಳೆದು, ಹೆಣದ ವಾಸನೆ ಹತ್ತಿದೆಯೇ ಎಂದು ತುದಿಯನ್ನು ಮೂಸುವುದು. ಅದೂ ಒಂದು ಬದುಕು! ಪ್ರತಿ ಸಲ ನೀರಿನ ಕ್ಯಾನು ಹೊತ್ತುಕೊಂಡು ಕ್ರಿಸಾಂತೊ ಜೊತೆಗೆ ಬರುತ್ತಿದ್ದ. ಬಂದ ಒಬ್ಬನೇ ಗಂಡಸು ಅವನು. ಆ ದಾರಿಯ ಗುಡ್ಡಗಳೆಲ್ಲ ಲಾರಿಯವನಿಗೆ ಗೊತ್ತು, ಅವನು ಬೆರಳು ತೋರಿಸಿದ ಗುಡ್ಡವನ್ನು ಹೆಂಗಸರು ಹತ್ತುತ್ತಿದ್ದರು. ತಾಯಂದಿರೆಲ್ಲ, "ನಿನ್ನ ಕೊಂಪಾದ್ರೆ ಬಂಗಾರದಂಥ ಮನುಷ್ಯ," ಎನ್ನುವಾಗ ಎರ್ಮಿನಿಯಾಗೆ ಹೆಮ್ಮೆಯಾಗುತ್ತಿತ್ತು.

ಹೋದ ವರ್ಷ ಆ ಹೆಂಗಸರು ಹಳೆಯ ಸುಣ್ಣದ ಗೂಡಿನ ತಿರುವಿನಲ್ಲಿ ನೋಡೋಣವೆಂದು ಹೊರಟಿದ್ದರು. ಹಿಂದಿನ ದಿನವೇ ಕ್ರಿಸಾಂತೊ ಓಡುತ್ತ ಬಂದ. ದೂರದ ಉತ್ತರದ ಸಿನಾಲೊವಾದ ಟೊಮ್ಯಾಟೊ ತೋಟದಲ್ಲಿ ನಬೋರ್ ಕೆಲಸ ಮಾಡುವುದನ್ನು ಯಾರೋ ಕಂಡರಂತೆ, ಕೂದಲು ಉದ್ದ ಬಿಟ್ಟಿದ್ದಾನಂತೆ. ಎರ್ಮಿನಿಯಾ ತಿರುವನ್ನೂ ಮರೆತಳು, ಸಲಾಕೆಯನ್ನೂ ಎಸೆದಳು, ಹೆಂಗಸರ ಆ ಹುಡುಕಾಟವೂ ಅಲ್ಲಿಗೇ ನಿಂತಿತು. ಬಸ್ಸು ಬದಲಿಸಿ ಬದಲಿಸಿ ಸಿನಾಲೊವಾ ಸೇರಿ, ಫೋಟೊ ಹಿಡಿದು ತೋಟ ತೋಟ ತಿರುಗಿ, ಕಾಲು ಊದಿಸಿಕೊಂಡು ಬಂದಳು. ಮಗ ಸಿಗಲಿಲ್ಲ. ಆದರೂ ಅವಳಿಗೆ ಬೇಸರವಾಗಿರಲಿಲ್ಲ. ಕೂದಲು ಉದ್ದ ಬಿಟ್ಟಿದ್ದಾನೆ ಎಂಬ ಒಂದು ಮಾತಿನಲ್ಲೇ ಒಂದು ವರ್ಷ ಕಳೆದಿದ್ದಳು.

ಇನ್ನು ಕ್ರಿಸಾಂತೊನ ಬಾಯಿ ಚಪಲದ ಮಾತು. ನವೆಂಬರ್ ಒಂದು ಸತ್ತ ಮಕ್ಕಳ ದಿನ, ಎರಡು ಸತ್ತ ದೊಡ್ಡವರ ದಿನ. ಊರಿನವರ ನೂಕುನುಗ್ಗಲು ಅದಕ್ಕೆ. ಅದಕ್ಕೂ ಮೊದಲು ಅಕ್ಟೋಬರ್ ಇಪ್ಪತ್ತೆಂಟು ಬರುತ್ತದೆ. ಅದು ಕೊಲೆಯಾದವರ, ಬಸ್ಸಿನಡಿ ಸಿಕ್ಕವರ, ಹೊಳೆಯಲ್ಲಿ ಹೋದವರ ದಿನ. ಅಂಥ ಸಾವು ಕಂಡ ಮನೆಯವರು ಇಪ್ಪತ್ತೇಳಕ್ಕೇ ಬಂದು, ತಲೆ ತಗ್ಗಿಸಿ, ಮುಖವನ್ನು ತಾವೇ ಆರಿಸಿಕೊಟ್ಟು ಬ್ರೆಡ್ ಒಯ್ಯುತ್ತಿದ್ದರು. ಅವರ ನಡುವೆ ನಗುತ್ತ ಬರುತ್ತಿದ್ದವನು ಕ್ರಿಸಾಂತೊ ಒಬ್ಬನೇ.

"ಇನ್ನೂ ಹಬ್ಬಕ್ಕೆ ಎಷ್ಟು ದಿನ ಇದೆ, ಆಗ್ಲೇ ಬಂದ್ರಾ ಕೊಂಪಾದ್ರೆ?"

"ಏನ್ ಮಾಡ್ಲಿ ಕೊಮಾದ್ರೆ, ನಿಮ್ಮ ಒಲೆ ವಾಸ್ನೆ ನಮ್ಮ ಬೀದಿ ತನಕ ಬರುತ್ತೆ. ನಾಲ್ಗೆ ಕೇಳಲ್ಲ. ಒಂದು ಕೊಡಿ, ಮುಖ ಇರೋದೇ ಕೊಡಿ. ಮುಖ ಇಲ್ದಿದ್ರೆ ಬ್ರೆಡ್ಡಿಗೆ ರುಚಿ ಎಲ್ಲಿಂದ ಬರುತ್ತೆ?"

"ಸತ್ತೋರಿಗಿಂತ ಮುಂಚೆ ತಿನ್ನೋ ಹೊಟ್ಟೆಬಾಕ ನೀವೊಬ್ರೇ ನೋಡಿ, ಈ ಊರಲ್ಲಿ," ಎಂದು ಬ್ರಿಹಿದಾ ಒಳಗಿಂದಲೇ ಚುಚ್ಚುತ್ತಿದ್ದಳು.

ಅವನು ಮುಖಗಳ ಬುಟ್ಟಿಗೆ ಕೈ ಹಾಕಿ, ಮೀಸೆ ಚಿಗುರಿದ ಹುಡುಗನದೊಂದನ್ನು ಎತ್ತಿಕೊಡುತ್ತಿದ್ದ. ಎರ್ಮಿನಿಯಾ ಅದನ್ನು ಅಡಿ ಸೀದುಹೋದ ಬ್ರೆಡ್ಡಿಗೆ ಅಂಟಿಸಿಕೊಡುತ್ತಿದ್ದಳು. ಒಲೆಯ ಮೂಲೆಯಲ್ಲಿ ಸಿಕ್ಕು ಒಂದೆರಡು ಪ್ರತಿ ಸಲ ಸೀಯುತ್ತಿದ್ದವು. ಚೆನ್ನಾಗಿ ಬೆಂದದ್ದು ಸತ್ತವರಿಗೆ ಮೀಸಲು. ಬಾಯಿ ಚಪಲಕ್ಕೆ ಸೀದದ್ದೇ ಸಾಕು. "ಒಳ್ಳೇದೊಂದು ಕೊಡಬಾರ್ದಾ ಕೊಮಾದ್ರೆ," ಎಂದು ಅವನು ಒಮ್ಮೆ ಕೇಳಿದ್ದ. "ನೀವು ಸಾಯಿರಿ, ಆವಾಗ ಒಳ್ಳೇದು ಕೊಡ್ತೀನಿ," ಎಂದು ಇವಳು ಅಂದಿದ್ದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಅವನೂ ನಕ್ಕು, ಸೀದ ಬ್ರೆಡ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿದ್ದ.

ಈ ವರ್ಷ ಇಪ್ಪತ್ತೇಳು ಕಳೆಯಿತು, ಕ್ರಿಸಾಂತೊ ಬರಲಿಲ್ಲ. ಲಾರಿಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದ, ಮಂಡಿಯ ತನಕ ಪ್ಲಾಸ್ಟರು ಹಾಕಿದ್ದರು. ಮರುದಿನ ಬೆಳಗ್ಗೆ ಇಪ್ಪತ್ತೆಂಟರ ಬ್ರೆಡ್ಡೆಲ್ಲ ಖಾಲಿಯಾಗಿ, ಹಲಗೆಯ ಮೇಲೆ ಅಡಿ ಸೀದದ್ದೊಂದು ಉಳಿದಿತ್ತು. ಎರ್ಮಿನಿಯಾಗೆ ಅಯ್ಯೋ ಅನ್ನಿಸಿತು. ಎಷ್ಟು ಗುಡ್ಡ ಹತ್ತಿದ ಕಾಲು ಅದು, ತನ್ನ ಮಗನಿಗಾಗಿ. ಅವಳು ಬುಟ್ಟಿಯಿಂದ ಮೀಸೆಯ ಹುಡುಗನ ಮುಖ ಆರಿಸಿ, ಸಕ್ಕರೆ ಪಾಕ ಸವರಿ ನೆತ್ತಿಗೆ ಅಂಟಿಸಿ, ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದಳು.

"ಎಲ್ಲಿಗೆ?" ಎಂದಳು ಬ್ರಿಹಿದಾ.

"ಕೊಂಪಾದ್ರೆಗೆ ಕೊಟ್ ಬರ್ತೀನಿ. ಪಾಪ, ಕಾದಿರ್ತಾರೆ."

"ಹೋಗು ಹೋಗು. ಇಲ್ದಿದ್ರೆ ಕುಂಟ್ಕೊಂಡಾದ್ರೂ ಬಂದ್ಬಿಡ್ತಾನೆ, ಆ ಹೊಟ್ಟೆಬಾಕ."

ಕ್ರಿಸಾಂತೊನ ಮನೆ ಚರ್ಚಿನ ಆಚೆ ಬೀದಿಯಲ್ಲಿ. ಗೇಟು ತೆರೆದೇ ಇತ್ತು. ಅವನ ಹೆಂಡತಿ ಓಬ್ದುಲಿಯಾ ಜೋಳ ಬೀಸಿಸಲು ಮಿಲ್ಲಿಗೆ ಹೋಗಿದ್ದಳೆಂದು ತೋರುತ್ತದೆ, ಕರೆದರೂ ದನಿಯಿಲ್ಲ. ಅಂಗಳದಲ್ಲಿ ದೊಡ್ಡ ಎಡೆಗೆಂದು ತಂದ ಚೆಂಡುಹೂವಿನ ಮೂಟೆ ಬಾಯಿ ಬಿಚ್ಚಿಕೊಂಡು ನಿಂತಿತ್ತು. ಎರ್ಮಿನಿಯಾ ಒಳಕೋಣೆಗೆ ಇಣುಕಿದಳು. ಎಡೆಯ ಮೇಜನ್ನು ಅಲ್ಲಿ ಇನ್ನೂ ಹಾಕಿರಲಿಲ್ಲ. ಹಾಕುವ ದಿನವೂ ಅದಲ್ಲ. ಈ ಮನೆಯ ಸತ್ತವರು ಅವಳಿಗೆ ಗೊತ್ತಿರಲಿಲ್ಲವೇ? ಸಕ್ಕರೆ ಕಾಯಿಲೆಯಲ್ಲಿ ಹೋದ ಕ್ರಿಸಾಂತೊನ ಅಪ್ಪ, ವಯಸ್ಸಾಗಿ ಹೋದ ಅಮ್ಮ, ಹುಟ್ಟಿ ವಾರಕ್ಕೆ ಹೋದ ಒಂದು ಕೂಸು. ಎಲ್ಲರೂ ಹಾಸಿಗೆಯಲ್ಲೇ ಹೋದವರು.

ಆದರೆ ಎಲ್ಲಿಂದಲೋ ಧೂಪದ ವಾಸನೆ ಬರುತ್ತಿತ್ತು.

ಹಿತ್ತಿಲಲ್ಲಿ ಲಾರಿಯ ಹಳೆ ಟೈರು, ಜಾಕು ಇಡುವ ತಗಡಿನ ಕೊಟ್ಟಿಗೆ. ಅದರ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಏನೋ ಹೊತ್ತಿಕೊಂಡಿದೆ ಎಂದು ಗಾಬರಿಯಾಗಿ ಎರ್ಮಿನಿಯಾ ಬಾಗಿಲು ತಳ್ಳಿದಳು.

ಟೈರುಗಳ ನಡುವೆ ಒಂದು ಪುಟ್ಟ ಮೇಜು. ಮೇಲೆ ಬಿಳಿ ಬಟ್ಟೆ. ಒಂದು ಮೇಣದಬತ್ತಿ, ಒಂದು ಲೋಟ ನೀರು, ಚಿಟಿಕೆ ಉಪ್ಪು, ಬಾಳೆಲೆಯಲ್ಲಿ ಸುತ್ತಿದ ಕಡುಬು, ಸಕ್ಕರೆ ಹಾಕದ ಕಪ್ಪು ಕಾಫಿ. ನಡುವೆ ಖಾಲಿ ತಟ್ಟೆ, ಬ್ರೆಡ್ಡಿಗಾಗಿ ಕಾದಿಟ್ಟದ್ದು. ತಟ್ಟೆಯ ಪಕ್ಕದಲ್ಲಿ ಒಂದು ಸಾಸರು, ಸಾಸರಿನಲ್ಲಿ ಮೂರು ಮುಖ. ಬ್ರೆಡ್ಡಿನಿಂದ ಕಿತ್ತು ಜೋಪಾನ ಮಾಡಿದ, ಮೀಸೆ ಚಿಗುರಿದ ಹುಡುಗನ ಮೂರು ಮುಖ. ಹಿಂದೆ ಗೋಡೆಗೆ ಒರಗಿಸಿದ ಒಂದು ಫೋಟೊ: ಚರ್ಚಿನ ಮುಂದೆ ಹೊಸ ಅಂಗಿ ತೊಟ್ಟ ಕ್ರಿಸಾಂತೊ, ತೋಳಲ್ಲಿ ಬಿಳಿ ಬಟ್ಟೆಯ ಕೂಸು ನಬೋರ್.

ಎರ್ಮಿನಿಯಾ ಮೊದಲು ನೋಡಿದ್ದು ಕಾಫಿಯನ್ನು. ಸಕ್ಕರೆ ಇಲ್ಲದೆ ಕುಡಿಯುವವನು ಊರಿಗೆಲ್ಲ ನೀನೊಬ್ಬನೇ ಎಂದು ಮಗನನ್ನು ತಾನೇ ರೇಗಿಸುತ್ತಿದ್ದಳು. ಆಮೇಲೆ ಮುಖಗಳನ್ನು ನೋಡಿದಳು. ನಬೋರ್ ಚಿಕ್ಕಂದಿನಿಂದ ಬ್ರೆಡ್ಡಿನ ಮುಖ ತಿಂದವನಲ್ಲ, ಕಿತ್ತು ಎತ್ತಿಡುತ್ತಿದ್ದ. ಅವಳು ಒಂದೊಂದನ್ನೂ ಕೈಗೆತ್ತಿಕೊಂಡು ತಿರುಗಿಸಿದಳು. ಹೋದ ವರ್ಷದ್ದು, ಅದರ ಹಿಂದಿನದ್ದು. ಮೂರನೆಯದರ ಕೆನ್ನೆಗೆ ನೀಲಿ ಚುಕ್ಕಿ ಇತ್ತು. ಆ ಒಂದು ವರ್ಷ ಮಾತ್ರ ಮುಖ ಮಾಡುವ ಮುದುಕ ಕೆಂಪು ಮುಗಿಯಿತೆಂದು ನೀಲಿ ಬಳಿದು ಬೈಸಿಕೊಂಡಿದ್ದ. ಅದು ನಬೋರ್ ಹೋದ ವರ್ಷ. ಸೆಪ್ಟೆಂಬರಿನಲ್ಲಿ ಹುಡುಗ ಹೋದ, ಅಕ್ಟೋಬರಿನಲ್ಲಿ ಈ ಮುಖ ಈ ಮೇಜಿಗೆ ಬಂದಿತ್ತು. ಇವತ್ತೋ ನಾಳೆಯೋ ಮಗನ ಕರೆ ಬರುತ್ತದೆಂದು ಅವಳು ಫೋನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ದಿನಗಳವು.

ಹಿಂದೆ ಊರುಗೋಲಿನ ಸದ್ದಾಯಿತು.

"ಕೊಮಾದ್ರೆ, ನೀವಾ?" ಕ್ರಿಸಾಂತೊ ಬಾಗಿಲಲ್ಲಿ ನಿಂತಿದ್ದ. "ಅದು... ಅದು ದಿಕ್ಕಿಲ್ಲದ ಆತ್ಮಗಳಿಗೆ ಅಂತ ಇಟ್ಟಿರೋದು. ಯಾರೂ ಇಲ್ದೇ ಇರೋರಿಗೆ."

"ಯಾರೂ ಇಲ್ದೇ ಇರೋರಿಗೆ," ಎಂದಳು ಎರ್ಮಿನಿಯಾ. "ಅವ್ರ ಫೋಟೊನೂ ಇಟ್ಕೊಂಡಿದೀರಾ?"

ಅವನು ಫೋಟೊದ ಕಡೆ ನೋಡಿ ಕಣ್ಣು ತಗ್ಗಿಸಿದ.

"ಎಲ್ಲಿ?"

"ಕೊಮಾದ್ರೆ..."

"ಎಲ್ಲಿ ಅಂತ ಕೇಳ್ದೆ."

ಕ್ರಿಸಾಂತೊ ಟೈರಿನ ಮೇಲೆ ಕುಸಿದು ಕೂತ. "ಸುಣ್ಣದ ಗೂಡಿನ ತಿರುವಲ್ಲಿ," ಎಂದ. "ಗ್ಯಾಂಗಿನೋರು ಲಾರಿ ನಿಲ್ಸಿದ್ರು. ಬಂದೂಕಿತ್ತು. ಹುಡುಗ ನಮ್ ಜೊತೆ ಕೆಲ್ಸಕ್ಕೆ ಬರ್ಲಿ ಅಂದ್ರು. ಇವನು ಬರಲ್ಲ ಅಂದ. ನಿಮ್ಗೆ ಗೊತ್ತಲ್ಲ ಅವನ ಬಾಯಿ, ಒಂದು ಮಾತು ಜಾಸ್ತಿನೇ ಅಂದ. ಅಲ್ಲೇ ಗುಂಡು ಹೊಡೆದ್ರು. ಗೂಡಿನ ಹಿಂದೆ ಎಳ್ಕೊಂಡ್ ಹೋದ್ರು. ನಿನ್ ಹೆಣ್ಮಕ್ಕಳು ಯಾವ ಸ್ಕೂಲಿಗೆ ಹೋಗ್ತಾರೆ ಅಂತ ಹೆಸರು ಹಿಡ್ದು ಹೇಳಿದ್ರು ಕೊಮಾದ್ರೆ. ಬಾಯಿ ಬಿಟ್ರೆ ಅಷ್ಟೇ ಅಂದ್ರು. ನಾನು ಗಾಡಿ ಸ್ಟಾರ್ಟ್ ಮಾಡ್ದೆ. ಏನ್ ಮಾಡ್ಬೇಕಿತ್ತು ನಾನು? ಹೇಳಿ, ಏನ್ ಮಾಡ್ಬೇಕಿತ್ತು?"

ಎರ್ಮಿನಿಯಾಗೆ ಅಳು ಬರಲಿಲ್ಲ. ಗುಡ್ಡಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಬಿಸಿಲು, ಸಲಾಕೆ, ಊದಿದ ಕಾಲು, ಮುಂದೆ ಮುಂದೆ ನೀರಿನ ಕ್ಯಾನು ಹೊತ್ತು ನಡೆಯುತ್ತಿದ್ದ ಇವನ ಬೆನ್ನು.

"ಅವನು ಇಲ್ದೇ ಇರೋ ಗುಡ್ಡಾನೆಲ್ಲ ನೋಡಿ ನೋಡಿ ಹತ್ಸಿದ್ರಲ್ಲ ನನ್ನ. ಕೂದ್ಲು ಉದ್ದ ಬಿಟ್ಟಿದಾನೆ ಅಂದ್ರಲ್ಲ. ಎಲ್ಲಿಂದ ಬಂತು ನಿಮ್ಗೆ ಆ ಮಾತು?"

"ನಿಮ್ಗೆ ಸಮಾಧಾನ ಆಗ್ಲಿ ಅಂತ..."

"ಥೂ!"

ಕೊಂಪಾದ್ರೆಯ ಎದುರು ಯಾರೂ ಹಾಗೆ ಉಗಿಯುವುದಿಲ್ಲ. ಅವನು ಮುಖ ಒರೆಸಿಕೊಳ್ಳಲೂ ಇಲ್ಲ. ತಲೆ ತಗ್ಗಿಸಿ, ಗೊಣಗುವವನಂತೆ, ಒಳಗೊಳಗೇ ಸ್ವಲ್ಪ ಸಿಟ್ಟಿನಿಂದಲೂ ಹೇಳಿದ: "ನೀವಂತೂ ಇಡ್ತಿರ್ಲಿಲ್ಲ. ಅವನು ಹಸ್ಕೊಂಡ್ ಹೋಗ್ಬಾರ್ದಲ್ಲ. ಯಾರಾದ್ರೂ ಒಬ್ರು ಇಡ್ಬೇಕಿತ್ತು. ನಾನು ಅವನನ್ನ ತೋಳಲ್ಲಿ ಹಿಡ್ದೋನು."

ಆಗ ಎರ್ಮಿನಿಯಾ ತನ್ನ ಕೈಯಲ್ಲಿದ್ದದ್ದನ್ನು ನೋಡಿದಳು. ಬಟ್ಟೆ ಸರಿದು ಬ್ರೆಡ್ಡಿನ ಕಪ್ಪಗಾದ ಅಡಿ ಕಾಣುತ್ತಿತ್ತು.

"ಸೀದದ್ದು ಕೊಟ್ಟಾಗಲಾದ್ರೂ ಬಾಯಿ ಬಿಡ್ಬಾರ್ದಾಗಿತ್ತಾ?" ಎಂದು ಅವಳು ಕಿರುಚಿದಳು. ಅಷ್ಟು ಹೊತ್ತು ಕಟ್ಟಿ ನಿಂತಿದ್ದದ್ದೆಲ್ಲ ಆ ಒಂದು ಮಾತಿನಲ್ಲಿ ಒಡೆಯಿತು. "ಪ್ರತಿ ವರ್ಷ! ಪ್ರತಿ ವರ್ಷ ಆರ್ಸಿ ಆರ್ಸಿ ಸೀದದ್ದೇ ಕೊಟ್ನಲ್ಲಯ್ಯಾ ನಿಂಗೆ! ಸಾಯಿ, ಆಗ ಒಳ್ಳೇದು ಕೊಡ್ತೀನಿ ಅಂದ್ನಲ್ಲ! ನಗ್ತಾ ತಗೊಂಡ್ ಹೋದ್ಯಲ್ಲ! ನನ್ ಕೈಯಲ್ಲೇ ನನ್ ಮಗಂಗೆ ಸೀದದ್ದು ತಿನ್ಸಿದ್ಯಲ್ಲೋ ಪಾಪಿ!"

ಕ್ರಿಸಾಂತೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಎರ್ಮಿನಿಯಾ ಉಸಿರು ತಿರುಗಿಸಿಕೊಂಡಳು. ಮಧ್ಯಾಹ್ನದ ಗಂಟೆ ಹೊಡೆದಾಗ ಸತ್ತವರು ಬರುತ್ತಾರೆ, ಚೆಂಡುಹೂವಿನ ಎಸಳಿನ ಗೆರೆ ಅವರಿಗೆ ಮನೆಯ ದಾರಿ ತೋರಿಸುತ್ತದೆ. ಮೂರು ವರ್ಷದಿಂದ ನಬೋರ್ ಈ ಕೊಟ್ಟಿಗೆಗೇ ಬಂದಿದ್ದಾನೆ, ಟೈರುಗಳ ನಡುವೆ ಕೂತು ಉಂಡಿದ್ದಾನೆ. ಅವನ ಸ್ವಂತ ಮನೆಯ ಹೊಸ್ತಿಲಲ್ಲಿ ಅವನಿಗೆಂದು ಒಂದು ಎಸಳೂ ಬಿದ್ದಿರಲಿಲ್ಲ. ದಾರಿ ತೋರಿಸದಿದ್ದರೆ ಇವತ್ತೂ ಇಲ್ಲಿಗೇ ಬರುತ್ತಾನೆ. ಈ ಮೇಜಿನ ಮೇಲೆ ಬ್ರೆಡ್ ಇಟ್ಟು ಹೋಗಲೇ? ಮಗನನ್ನು ಹೊಡೆದು ಎಳೆದುಕೊಂಡು ಹೋಗುವಾಗ ಗಾಡಿ ಸ್ಟಾರ್ಟ್ ಮಾಡಿದವನ ಮನೆಯಲ್ಲಿ ಅವನಿಗೆ ಉಣ್ಣಿಸಲೇ? ಅವಳು ಫೋಟೊ ಮುಟ್ಟಲಿಲ್ಲ. ಮೂರು ಮುಖಗಳನ್ನು ಹೊದ್ದ ಶಾಲಿನ ತುದಿಗೆ ಗಂಟು ಹಾಕಿಕೊಂಡಳು, ಬ್ರೆಡ್ಡನ್ನು ಕಂಕುಳಲ್ಲಿ ಇರುಕಿದಳು, ಅಂಗಳಕ್ಕೆ ಬಂದು ಚೆಂಡುಹೂವಿನ ಮೂಟೆಯನ್ನು ದರದರ ಎಳೆದು ತಂದಳು. ಒಂದೊಂದೇ ಹೂವನ್ನು ಹಿಸುಕಿ ಎಸಳು ಉದುರಿಸುತ್ತ ಕೊಟ್ಟಿಗೆಯ ಬಾಗಿಲಿನಿಂದ ಹಳದಿ ಗೆರೆ ಎಳೆಯತೊಡಗಿದಳು.

ಅವಳೇನು ಮಾಡುತ್ತಿದ್ದಾಳೆಂದು ಕ್ರಿಸಾಂತೊಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಊರುಗೋಲು ಬಿಟ್ಟು ನೆಲದ ಮೇಲೆ ತೆವಳಿಕೊಂಡು ಬಂದ.

"ಬೇಡ ಕೊಮಾದ್ರೆ. ನಿಮ್ಮ ದಮ್ಮಯ್ಯ. ಎಸಳು ನಮ್ಮನೆಯಿಂದ ಹೊರಟ್ರೆ ಊರಿಗೆಲ್ಲ ಗೊತ್ತಾಗುತ್ತೆ. ಅವ್ರಿಗೂ ಗೊತ್ತಾಗುತ್ತೆ. ನನ್ ಹೆಣ್ಮಕ್ಕಳು... ನಿಮ್ ಕೈಯಲ್ಲಿ ಬ್ರೆಡ್ ತಿಂದು ಬೆಳೆದೋರು ಕೊಮಾದ್ರೆ."

ಎರ್ಮಿನಿಯಾಳ ಕೈ ನಿಂತಿತು. ಹಬ್ಬದ ಮುಂಚೆ ಬಂದು ಮುಖಗಳನ್ನು ಬುಟ್ಟಿಗೆ ಜೋಡಿಸಿಕೊಡುತ್ತಿದ್ದ ಆ ಇಬ್ಬರು ಹುಡುಗಿಯರು ಅವಳ ಕಣ್ಣಿಗೆ ಕಟ್ಟಿದರು. ದೊಡ್ಡವಳಿಗೆ ಜಡೆ ಹಾಕಿದ್ದೂ ಇದೆ. ಅವಳಿಗೆ ಅಯ್ಯೋ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು.

"ಮಕ್ಕಳನ್ನ ಇವತ್ತೇ ದೂರ ಎಲ್ಲಾದ್ರೂ ಕಳ್ಸು," ಎಂದಳು. "ನಿಂಗೆ ಇಬ್ರಿದಾರೆ. ನಂಗೆ ಒಬ್ನೇ ಇದ್ದ."

ಮತ್ತೆ ಹೂವು ಹಿಸುಕತೊಡಗಿದಳು. ಗೆರೆ ಅಂಗಳ ದಾಟಿತು, ಗೇಟು ದಾಟಿತು. ಜೋಳದ ಹಿಟ್ಟಿನ ಬಕೆಟ್ಟು ಹೊತ್ತು ಬರುತ್ತಿದ್ದ ಓಬ್ದುಲಿಯಾ ಗೇಟಿನಲ್ಲೇ ನಿಂತುಬಿಟ್ಟಳು.

"ಏನ್ ಕೊಮಾದ್ರೆ ಇದು? ಎರಡನೇ ತಾರೀಖಿಗೆ ಅಂತ ತಂದಿಟ್ಟ ಹೂವು, ಹೀಗ್ ಬೀದೀಲಿ..."

"ನಿಮ್ಮನೇಲಿ ನನ್ ಮಗ ಇದ್ದ," ಎಂದಳು ಎರ್ಮಿನಿಯಾ, ತಲೆ ಎತ್ತದೆ. "ಕರ್ಕೊಂಡ್ ಹೋಗ್ತಾ ಇದೀನಿ."

ಓಬ್ದುಲಿಯಾ ಗಂಡನ ಕಡೆ ನೋಡಿದಳು. ಅವನು ಅಂಗಳದ ನಡುವೆ ಎಸಳಿನ ಮೇಲೆ ಬಿದ್ದಿದ್ದ. ಅವಳ ಕೈಯಿಂದ ಬಕೆಟ್ಟು ಜಾರಿತು.

ಬೀದಿಯುದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಯಾರೂ ಏನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಇಪ್ಪತ್ತೆಂಟನೇ ತಾರೀಖಿನ ಎಸಳಿನ ಗೆರೆ ಎಲ್ಲಿಂದ ಹೊರಟಿದೆ, ಯಾರ ಮನೆಯ ಕಡೆ ಹೋಗುತ್ತಿದೆ ಎಂದು ನೋಡಿದರೆ ಸಾಕು, ಆ ಊರಿನ ಮಕ್ಕಳಿಗೂ ಅರ್ಥವಾಗುತ್ತದೆ. ಹೋದ ವರ್ಷ ಗಂಡನಿಗೆಂದು ಬ್ರೆಡ್ ಒಯ್ದಿದ್ದ ಹೆಂಗಸೊಬ್ಬಳು ಶಿಲುಬೆ ಗುರುತು ಮಾಡಿಕೊಂಡಳು. ಕೆಲವರು ಬಾಗಿಲು ಹಾಕಿಕೊಂಡರು. ಚರ್ಚಿನ ತಿರುವಿನಲ್ಲಿ ಮೂಟೆ ಖಾಲಿಯಾಯಿತು. ಎರ್ಮಿನಿಯಾ ಸುತ್ತ ನೋಡಿದಳು. ಯಾರದೋ ಕಿಟಕಿಯಿಂದ ಒಂದು ಕೈ ಬಂದು ಹೂವಿನ ಕಟ್ಟೊಂದನ್ನು ಕೆಳಗೆ ಹಾಕಿ ಒಳಗೆ ಹೋಯಿತು. ಅದನ್ನು ಎತ್ತಿಕೊಂಡು ಎಸಳು ತೆಳ್ಳಗೆ ಉದುರಿಸುತ್ತ, ಸೊಂಟ ಬಗ್ಗಿಸಿಕೊಂಡೇ ಅವಳು ತನ್ನ ಬೀದಿ ಹಿಡಿದಳು.

ಬ್ರಿಹಿದಾ ಬಾಗಿಲಲ್ಲಿ ನಿಂತಿದ್ದಳು. ತಂಗಿಯ ಹಿಂದೆ ಬರುತ್ತಿದ್ದ ಗೆರೆಯನ್ನು ಬೀದಿಯ ಕೊನೆಯ ತನಕ ನೋಡಿದಳು. ಇಷ್ಟು ವರ್ಷ ಇಡು ಇಡು ಎಂದು ತಲೆ ತಿಂದವಳು ಹೊಸ್ತಿಲಿಗೆ ಅಡ್ಡ ನಿಂತು ಬಾಯಿ ಬಡಿದುಕೊಂಡಳು.

"ಬೇಡ ಕಣೇ. ಇಡ್ಬೇಡ್ವೇ. ನಾನು ಸುಮ್ನೆ ಹೇಳ್ತಿದ್ದೆ. ಇಟ್ಬಿಟ್ರೆ ಮುಗೀತಲ್ವೇನೇ..."

"ಆ ಕಡೆ ಸರಿ ಅಕ್ಕಾ, ಹೊತ್ತಾಯ್ತು," ಎಂದಳು ಎರ್ಮಿನಿಯಾ. "ದಾರಿ ಬಿಡು, ಅವನು ಒಳಗ್ ಬರ್ಬೇಕು. ನಾಳೆ ಆ ಹೆಂಗಸ್ರಿಗೆಲ್ಲ ಹೇಳಿ ಕಳ್ಸು, ಸುಣ್ಣದ ಗೂಡಿನ ಹತ್ರ ಹೋಗ್ಬೇಕು. ಕ್ರಿಸಾಂತೊನ ಹೊತ್ಕೊಂಡಾದ್ರೂ ಕರ್ಕೊಂಡ್ ಹೋಗ್ಬೇಕು, ಜಾಗ ತೋರ್ಸೋಕೆ."

ಕೊನೆಯ ಹಿಡಿ ಎಸಳು ಹೊಸ್ತಿಲ ಮೇಲೆ ಬಿತ್ತು. ಹಿಟ್ಟು ನಾದುವ ಮೇಜನ್ನು ಒರೆಸಿ ಅವಳು ಲೋಟ ನೀರು ಇಟ್ಟಳು, ಉಪ್ಪು ಇಟ್ಟಳು. ಶಾಲಿನ ಗಂಟು ಬಿಚ್ಚಿ ಮೂರು ಮುಖಗಳನ್ನು ಸಾಲಾಗಿ ಇಟ್ಟಳು. ಹಲಗೆಯ ಮೇಲೆ, ಬುಟ್ಟಿಯಲ್ಲಿ, ಒಲೆಯ ಬಾಯಲ್ಲಿ ನೋಡಿದಳು. ಊರಿನವರಿಗೆ ಕೊಟ್ಟು ಕೊಟ್ಟು ಮನೆಯಲ್ಲಿ ಇನ್ನೊಂದು ಬ್ರೆಡ್ ಇರಲಿಲ್ಲ. ಒಲೆ ತಣ್ಣಗಾಗಿತ್ತು. ಕಂಕುಳಲ್ಲಿದ್ದದ್ದೊಂದೇ ಗತಿ.

ಚರ್ಚಿನಲ್ಲಿ ಮಧ್ಯಾಹ್ನದ ಗಂಟೆ ಹೊಡೆಯತೊಡಗಿತು. ಎರ್ಮಿನಿಯಾ ಬ್ರೆಡ್ಡನ್ನು ಬೋರಲು ಹಾಕಿಕೊಂಡು, ಚಾಕು ತೆಗೆದು, ಸೀದ ಅಡಿಯನ್ನು ಕೆರೆಯಲು ಶುರು ಮಾಡಿದಳು. ಕಪ್ಪು ಪುಡಿ ಮಡಿಲಲ್ಲಿ ಉದುರುತ್ತಿತ್ತು. ಗಂಟೆ ನಿಂತಿತು. ಬಾಗಿಲ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

"ಒಂದ್ ನಿಮ್ಷ ತಡಿಯೋ ಕಂದಾ," ಎಂದಳು, ಬೇಗ ಬೇಗ ಕೆರೆಯುತ್ತ. "ಆಯ್ತು. ಇನ್ನೊಂಚೂರಿದೆ."